ಅಕ್ರಮ ಗಣಿಗಾರಿಕೆ: ಬಳ್ಳಾರಿ ಕಲಿಸಿದ ಪಾಠ

ಗಣಿಗಾರಿಕೆಯೆಲ್ಲ ಅಕ್ರಮವಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಗುತ್ತಿಗೆ ಪಡೆದು ಅದಿರು ತೆಗೆಯಬಹುದು. ಕಾಡಿನ ನೆಲವಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆಯೂ ಬೇಕು. ಗುತ್ತಿಗೆಗೆ ಗಡಿಯಿದೆ, ವರ್ಷಕ್ಕೆ ಇಷ್ಟು ಟನ್ ಎಂಬ ಮಿತಿಯಿದೆ, ಸರ್ಕಾರಕ್ಕೆ ಕಟ್ಟಬೇಕಾದ ರಾಜಧನವಿದೆ, ಲಾರಿ ಹೊರಡಲು ಪರ್ಮಿಟ್ ಇದೆ. ಇವುಗಳಲ್ಲಿ ಒಂದನ್ನು ಮೀರಿದರೂ ಅಕ್ರಮವೇ.

ಸಂಡೂರು, ಹೊಸಪೇಟೆ, ಬಳ್ಳಾರಿ ಭಾಗದಲ್ಲಿ ಇವೆಲ್ಲವನ್ನೂ ಮೀರಲಾಯಿತು. 2000ದ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಗುತ್ತಿಗೆಯ ಗಡಿ ದಾಟಿ ಕಾಡಿನಲ್ಲಿ ಅಗೆದರು. ತ್ಯಾಜ್ಯ ಮಣ್ಣನ್ನು ಇಳಿಜಾರಿಗೆ ಸುರಿದರು. ಪರ್ಮಿಟ್ ಇಲ್ಲದ ಅದಿರು ಬಂದರು ಸೇರಿತು. ಮಳೆಗಾಲದಲ್ಲಿ ಆ ಮಣ್ಣು ಹಳ್ಳಕ್ಕಿಳಿದು ಕೆರೆ, ಹೊಲಗಳನ್ನು ತುಂಬಿತು.

ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008 ಮತ್ತು 2011ರಲ್ಲಿ ಕೊಟ್ಟ ವರದಿಗಳು ಈ ವ್ಯವಹಾರವನ್ನು ಬಯಲಿಗೆಳೆದವು. ಹೋರಾಟಗಾರ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರುಗಳಲ್ಲೂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು.

ಮುಂದಿನ ಕ್ರಮವನ್ನು ಗಮನವಿಟ್ಟು ನೋಡಿ. ಮೊದಲು ಗಡಿಗಳ ಜಂಟಿ ಸರ್ವೆಯಾಯಿತು. ಅದರ ಆಧಾರದಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಉಲ್ಲಂಘನೆ ವಿಪರೀತವಾಗಿದ್ದ ಸಿ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ ತೀರ್ಪು ರದ್ದುಮಾಡಿತು. ಬಿ ವರ್ಗದವರು ಗಡಿಯಾಚೆ ಅಗೆದ ಪ್ರತಿ ಹೆಕ್ಟೇರಿಗೆ 5 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕಾಯಿತು. ಅದಿರಿನ ಮಾರಾಟ ಇ-ಹರಾಜಿಗೆ ಬಂತು; ಈ ಕಡ್ಡಾಯ 2022ರವರೆಗೆ ಇತ್ತು. ಮೂರು ಜಿಲ್ಲೆಗಳ ಒಟ್ಟು ಉತ್ಪಾದನೆಗೆ ವರ್ಷಕ್ಕೆ 3 ಕೋಟಿ ಟನ್ ಮಿತಿ ಬಿತ್ತು; 2022ರಲ್ಲಿ ಅದನ್ನು 5 ಕೋಟಿಗೆ ಏರಿಸಲಾಯಿತು.

ನಿಲ್ಲಿಸಿದರೆ ಸಾಲದು, ಕೆಟ್ಟ ನೆಲವನ್ನು ಸರಿಪಡಿಸಬೇಕು. ಮಣ್ಣಿನ ರಾಶಿಗೆ ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ, ಇಳಿಜಾರಿಗೆ ಹುಲ್ಲು, ಗಿಡ: ಇವೆಲ್ಲ ಇರುವ ಪುನಶ್ಚೇತನ ಯೋಜನೆ ಪ್ರತಿ ಗಣಿಗೂ ಕಡ್ಡಾಯವಾಯಿತು. ಅಗೆದವನೇ ಖರ್ಚು ಹೊರಬೇಕೆಂಬ ಈ ನಿಯಮ ನ್ಯಾಯವಾದದ್ದು. ಆದರೆ ಒಮ್ಮೆ ಕಡಿದ ಬೆಟ್ಟದ ಕಾಡು ಹಣದಿಂದ ಹಾಗೆಯೇ ಮರಳುವುದಿಲ್ಲ. ಹಾನಿಗೆ ಮೊದಲೇ ತಡೆಯುವುದೇ ನಿಜವಾದ ರಕ್ಷಣೆ.

ಹಾಗೆ ತಡೆಯುವುದರಲ್ಲಿ ನಿಮಗೂ ಕೆಲಸವಿದೆ. ದೊಡ್ಡ ಗಣಿಗೆ ಪರಿಸರ ಅನುಮತಿ ಕೊಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತದೆ. ಅಲ್ಲಿಗೆ ಹೋಗಿ ಕೇಳಿ: ಗಡಿ ಎಲ್ಲಿ, ಎಷ್ಟು ಟನ್, ಮಣ್ಣು ಎಲ್ಲಿಗೆ, ನೀರು ಯಾವ ಕೆರೆಗೆ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಊರಿನವರು ಕೇಳುತ್ತಲೇ ಇರಬೇಕು.