ಬುದ್ಧನ ಬೇಸಾಯ

ತತ್ತ್ವವಿಚಾರವೆಂದರೆ ಹಳ್ಳಿಯ ಹುಡುಗರಿಗೆ ಎಟುಕದ ವಸ್ತುವೆಂಬ ಅಳುಕು ನನಗೆ ಬಹಳ ದಿನ ಇದ್ದಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪಾಲಿ ಭಾಷೆಯ ಸುತ್ತನಿಪಾತದಲ್ಲಿರುವ ಕಸಿಭಾರದ್ವಾಜ ಸುತ್ತವನ್ನು ನಮ್ಮ ಅಧ್ಯಾಪಕರು ವಿವರಿಸಿದ ದಿನ ಆ ಅಳುಕು ಅರ್ಧ ಹೋಯಿತು. ಉಳಿದರ್ಧದ ಮಾತನ್ನು ಆಮೇಲೆ ಹೇಳುತ್ತೇನೆ.

ಪ್ರಸಂಗವಿದು. ಮಗಧ ದೇಶದ ಏಕನಾಳವೆಂಬ ಹಳ್ಳಿ, ಬಿತ್ತನೆಯ ಕಾಲ. ಭಾರದ್ವಾಜನೆಂಬ ಬ್ರಾಹ್ಮಣನ ಹೊಲದಲ್ಲಿ 500 ನೇಗಿಲು ಹೂಡಿದ್ದುವು. ಊಟ ಹಂಚುವ ಹೊತ್ತಿಗೆ ಬುದ್ಧನು ಭಿಕ್ಷೆಗೆ ಬಂದು ನಿಂತನು. ತಾನು ಉತ್ತು ಬಿತ್ತಿ ಉಣ್ಣುವವನು, ನೀನೂ ಹಾಗೆಯೇ ಮಾಡಬಾರದೇಕೆ ಎಂದು ಬ್ರಾಹ್ಮಣನು ಕೇಳಿದನು. ತಾನೂ ಉಳುವವನೇ ಎಂದನು ಬುದ್ಧ. ನಿನ್ನ ನೊಗನೇಗಿಲು ಒಂದೂ ಕಾಣದಲ್ಲ ಎಂದು ಬ್ರಾಹ್ಮಣನ ಮರುಪ್ರಶ್ನೆ. (ಐನೂರು ನೇಗಿಲಿನ ಒಡೆಯ ತಾನೇ ಮೇಣಿ ಹಿಡಿದಿದ್ದನೆ ಎಂದು ಕೇಳಬಹುದಾಗಿತ್ತು, ಬುದ್ಧನು ಕೇಳಲಿಲ್ಲ.)

ಬುದ್ಧನು ಶ್ರದ್ಧೆಯನ್ನು ಬೀಜಕ್ಕೂ ತಪಸ್ಸನ್ನು ಮಳೆಗೂ ಪ್ರಜ್ಞೆಯನ್ನು ನೊಗನೇಗಿಲುಗಳಿಗೂ ಹೋಲಿಸಿದನು. ತಪ್ಪು ಮಾಡಲು ನಾಚುವ ಗುಣ ಅವನಿಗೆ ಈಸು. ನೇಗಿಲನ್ನು ನೊಗಕ್ಕೆ ಸೇರಿಸುವ ಉದ್ದನೆಯ ಮರವೇ ಈಸು. ಪಾಲಿಯಲ್ಲಿಯೂ ಅದರ ಹೆಸರು 'ಈಸಾ' ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಈಸು ಮುರಿದರೆ ನೊಗ ಎತ್ತಿನ ಹೆಗಲ ಮೇಲೆಯೇ ಇರುತ್ತದೆ, ನೇಗಿಲು ನೆಲದಲ್ಲಿಯೇ ಇರುತ್ತದೆ, ಉಳುಮೆ ಮಾತ್ರ ನಡೆಯದು. ನಾಚಿಕೆಯಿಲ್ಲದ ಜಾಣತನವೂ ಹಾಗೆಯೇ.

ಬೇಸಗೆಯ ರಜದಲ್ಲಿ ಇದನ್ನು ಅಪ್ಪನಿಗೆ ಹೇಳಿದೆನು. ಅಪ್ಪನಿಗೆ ಓದು ಬಾರದು. ಎಚ್ಚರವೊಂದನ್ನೇ ಗುಳಕ್ಕೂ ಬಾರುಕೋಲಿಗೂ ಹೋಲಿಸಿದ್ದು ಸರಿಯಲ್ಲವೆಂದು ನನಗೆ ತೋರಿತ್ತು. ಅಪ್ಪ ಒಪ್ಪಲಿಲ್ಲ. "ಗುಳ ಮಣ್ಣೊಳಗಿರ್ತದೆ, ಕಾಣಾಕಿಲ್ಲ. ಕಲ್ಲು ತಗಲಿದ್ರೆ ಮೇಣಿ ಹಿಡಿದ ಕೈಗೇ ಗೊತ್ತಾಗ್ಬೇಕು. ಬಾರುಕೋಲು ಎತ್ತಿನ ಕಡೆ. ಎರಡು ಕಡೆಗೂ ಗ್ಯಾನ ಇಲ್ದೋನು ಉಳೋದೆಂಗೆ?" ಎಂದನು. ಬೌದ್ಧರ 'ಸತಿ' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ.

ಆದರೆ ಪ್ರಯತ್ನವೆಂಬ ಎತ್ತು ಹಿಂದಿರುಗದೆ ಮುಂದೆ ಮುಂದೆ ಹೋಗುತ್ತದೆ ಎಂಬ ಮಾತಿಗೆ ಅಪ್ಪ ನಕ್ಕುಬಿಟ್ಟನು. "ತಿರುಗದ ಎತ್ತು ಕಟ್ಟಿದ್ರೆ ಪಕ್ಕದೋನ ಹೊಲಕ್ಕೆ ಹೋಯ್ತದೆ ಕಣ್ಲಾ!" ಮನೆಯವರೆಲ್ಲ ನಕ್ಕರು, ನಾನೂ ನಕ್ಕೆನು. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಉಪಮೆ ಮುರಿಯುವುದು ಇಲ್ಲಿಯೇ, ಬುದ್ಧನ ಉಪದೇಶವಿರುವುದೂ ಇಲ್ಲಿಯೇ. ರೈತನ ಎತ್ತು ಸಾಲಿನ ಕೊನೆಗೆ ತಿರುಗಬೇಕು. ರೈತನೂ ವರ್ಷ ವರ್ಷ ಮುಂಗಾರಿಗೆ ತಿರುಗಿ ಬರಬೇಕು. ಈ ವರ್ಷ ಕಣ ತುಂಬಿದರೂ ಬರುವ ವರ್ಷದ ಹಸಿವು ಬೇರೆ. ಬುದ್ಧನು ಬಿಡಿಸಹೊರಟದ್ದು ಈ ತಿರುಗಾಟವನ್ನೇ, ಹುಟ್ಟು ಸಾವುಗಳ ಸುತ್ತನ್ನು. ಅವನ ಎತ್ತು ತಿರುಗಿದರೆ ಬೇಸಾಯವೇ ಕೆಟ್ಟಿತು.

ಕನ್ನಡದಲ್ಲಿಯೂ ಇಂಥ ಬೇಸಾಯ ಕಡಮೆಯಿಲ್ಲ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ರಾಗಿ ಬತ್ತಗಳಿಗೆ ಜಗಳ ಹೂಡಿ ರಾಮನಿಂದಲೇ ರಾಗಿಯನ್ನು ಗೆಲ್ಲಿಸಿದರು. ಅದನ್ನು ಬರೆಯಲು ಬೇರೆ ಲೇಖನವೇ ಬೇಕು.

ಮಾತು ಕೇಳಿ ಸಂತೋಷಗೊಂಡ ಬ್ರಾಹ್ಮಣನು ಪಾತ್ರೆಯ ತುಂಬ ಪಾಯಸ ನೀಡಿದನು. ಗಾಥೆ ಹೇಳಿ ಗಳಿಸಿದ ಅನ್ನವನ್ನು ತಾನು ಉಣ್ಣುವುದಿಲ್ಲವೆಂದು ಬುದ್ಧನು ಮುಟ್ಟಲಿಲ್ಲ.

ಇನ್ನು ಉಳಿದರ್ಧ. ತರಗತಿಯಲ್ಲಿ ಬುದ್ಧನ ಉತ್ತರಕ್ಕೆ ಎಲ್ಲರೂ ತಲೆದೂಗಿದಾಗ ನನ್ನ ಕಿವಿಯಲ್ಲಿ ನಿಂತದ್ದು ಬ್ರಾಹ್ಮಣನ ಪ್ರಶ್ನೆ. ಅಣ್ಣನು ಏಳನೆಯ ತರಗತಿಗೇ ಶಾಲೆ ಬಿಟ್ಟು ಮೇಣಿ ಹಿಡಿದದ್ದರಿಂದ ನಾನಿಲ್ಲಿ ಓದುತ್ತಿದ್ದೇನೆ. ಪುಸ್ತಕ ಹಿಡಿದವನು ನಾನೂ ಉಳುತ್ತಿದ್ದೇನೆಂದು ಅಣ್ಣನೆದುರು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ರಜ ಮುಗಿದು ಹೊರಟ ದಿನ ಅವನು ರಾಗಿಹಿಟ್ಟಿನ ಚೀಲವನ್ನು ಹೆಗಲ ಮೇಲೆ ಹೊತ್ತು ಬಸ್ಸಿನವರೆಗೆ ಬಂದನು. ಪರೀಕ್ಷೆ ಯಾವ ತಿಂಗಳು ಎಂದಷ್ಟೇ ಕೇಳಿದನು.