ಕೋಳಿ ತಿಂದ ಆರು ಮೊಳಕೆಗಳು

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹನ್ನೆರಡು ದಿನಗಳ ಕಾಲ ತನ್ನ ಕೈಯಾರೆ ಬರೆದಿದ್ದ ವಹಿಯನ್ನು ಬದಿಗಿರಿಸಿ, ಅದರ ಸ್ಥಾನದಲ್ಲಿ ಮುದ್ದಾದ ಅಕ್ಷರಗಳ, ಕೆಂಪು ಗೆರೆಗಳ, ಒಂದೂ ಚಿತ್ತಿಲ್ಲದ ಹೊಸ ವಹಿಯನ್ನು ಸಿದ್ಧಪಡಿಸಲೇಬೇಕೆಂದು ಹಟ ಹಿಡಿದವನು ನಾನು. ವನದುರ್ಗದಿಂದ ಹೋದ ಮಕ್ಕಳು ಜಿಲ್ಲಾ ಕೇಂದ್ರದ ವಿಜ್ಞಾನ ಸ್ಪರ್ಧೆಯಲ್ಲಿ ಪಟ್ಟಣದ ಮಕ್ಕಳ ಮುಂದೆ ತಲೆತಗ್ಗಿಸುವಂತಾಗಬಾರದೆಂಬ ಕಳಕಳಿಯೇ ಆ ಹಟಕ್ಕೆ ಕಾರಣವಾಗಿದ್ದರೂ, ಕಳಕಳಿ ಒಳ್ಳೆಯದಾದ ಮಾತ್ರಕ್ಕೆ ಮಾಡಿದ ಕಾರ್ಯವೂ ಒಳ್ಳೆಯದಾಗುವುದಿಲ್ಲವೆಂಬುದನ್ನು ಆ ಒಂದು ದಿನ ನನಗೆ ಕಲಿಸಿತು. ಇಂಥ ಹುಡುಗ ಹುಡುಗಿಯರಿಗೆ ಮಾರ್ಗದರ್ಶನ ಮಾಡುವ ಇತರ ಶಿಕ್ಷಕರಾದರೂ ಈ ತಪ್ಪಿನಿಂದ ಪಾರಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಪ್ರಯೋಗದ ಪ್ರಶ್ನೆ ಹುಟ್ಟಿದುದು ಆ ಹುಡುಗಿಯ ತಂದೆಯ ಹೊಲದಲ್ಲಿ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯೂ ಅದರ ಶಹಾಪುರ ಶಾಖೆಯೂ ನಮ್ಮ ಸೀಮೆಗೆ ಕೃಷ್ಣೆಯ ನೀರನ್ನು ತಂದ ಮೇಲೆ, ಜೋಳ ತೊಗರಿಗಳನ್ನು ಬೆಳೆಯುತ್ತಿದ್ದ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದುವು. ಎರೆಮಣ್ಣು ನೀರನ್ನು ಹಿಡಿದುಕೊಳ್ಳುವುದೇ ಹೊರತು ಬೇಗ ಬಿಟ್ಟುಕೊಡುವುದಿಲ್ಲ; ಬಸಿದುಹೋಗಲು ದಾರಿಯಿಲ್ಲದೆಡೆಯಲ್ಲಿ ನೆಲದಡಿಯ ನೀರು ಮೇಲೇರಿ, ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲ್ಮೈಯನ್ನು ಸೇರಿ, ಬಿಸಿಲಿಗೆ ಆವಿಯಾಗಿ, ತಾನು ಕರಗಿಸಿಕೊಂಡು ತಂದ ಲವಣವನ್ನು ಬೆಳ್ಳನೆಯ ಪೊರೆಯಾಗಿ ಅಲ್ಲಿಯೇ ಬಿಟ್ಟುಹೋಗುತ್ತದೆ. ನಮ್ಮ ರೈತರು ಸವುಳು ಎನ್ನುವುದು ಇದನ್ನೇ. ಲವಣ ಹೆಚ್ಚಿದ ಮಣ್ಣಿನಲ್ಲಿ ನೀರಿದ್ದರೂ ಬೀಜಕ್ಕೆ ಅದನ್ನು ಹೀರಿಕೊಳ್ಳಲಾಗದು. ಮಳೆಯನ್ನೇ ನಂಬಿದ ಎರೆಹೊಲ, ಕಾಲುವೆಯ ಗದ್ದೆ, ಸವುಳು ಹತ್ತಿದ ಹೊಲ ಈ ಮೂರರ ಮಣ್ಣನ್ನು ಮೂರು ತಾಟುಗಳಲ್ಲಿ ಹರವಿ, ಒಂದೊಂದರಲ್ಲಿಯೂ ಇಪ್ಪತ್ತು ತೊಗರಿ ಬೀಜಗಳನ್ನು ಊರಿ, ದಿನಕ್ಕೆಷ್ಟು ಮೊಳೆಯುತ್ತವೆಯೆಂದು ಎಣಿಸುವುದು ಅವಳೂ ಅವಳ ಗೆಳತಿಯೂ ಕೈಗೊಂಡ ಕಾರ್ಯ. ದಸರಾ ರಜೆಯಲ್ಲಿ ಶಾಲೆಗೆ ಬೀಗ ಬೀಳುವುದರಿಂದ ತಾಟುಗಳು ಅವಳ ಮನೆಯ ಪಡಸಾಲೆಗೆ ಹೋದುವು.

ರಜೆ ಮುಗಿದು ಅವಳು ತಂದ ವಹಿಯನ್ನು ನೋಡಿ ನನಗೆ ಬೇಸರವಾಯಿತು. ಅರಿಸಿನದ ಕಲೆ, ತಾಟಿನ ತಳದ ಕೆಸರುಬಳೆ, ಮೂರು ಬಗೆಯ ಶಾಯಿ, ಎರಡು ದಿನ ಪೆನ್ಸಿಲು. ಎಂಟನೆಯ ದಿನದ ಎದುರಿಗೆ ಕೋಳಿಯ ಪ್ರಸ್ತಾಪವೂ ಇತ್ತು. ವೈಜ್ಞಾನಿಕ ದಾಖಲೆಯಲ್ಲಿ ಕೋಳಿಗೇನು ಕೆಲಸವೆಂದು ನಾನು ಆ ಸಾಲನ್ನು ಬಿಡಿಸಿದೆನು. ಅಂಕಿಗಳನ್ನು ತಿದ್ದುವ ಪಾಪಕ್ಕೆ ಮಾತ್ರ ಕೈಹಾಕಲಿಲ್ಲ. ಒಂದನೆಯ ತಾಟಿನಲ್ಲಿ ಏಳನೆಯ ದಿನ 17, ಎಂಟನೆಯ ದಿನ 11 ಎಂದಿದ್ದುದು ಹಾಗೆಯೇ ಹೊಸ ವಹಿಗೆ ಬಂದಿತು, ಕಾರಣ ಬರಲಿಲ್ಲ. ಅವಳು ಎರಡು ರಾತ್ರಿ ಕುಳಿತು ನಕಲು ಮಾಡಿದಳು. ಹಳೆಯದು ಇನ್ನು ಬೇಡವೆಂದು ಹೇಳಿದವನೂ ನಾನೇ.

ಜಿಲ್ಲಾ ಕೇಂದ್ರವಾದ ಯಾದಗಿರಿಯ ಸ್ಪರ್ಧೆಯಲ್ಲಿ ನಮ್ಮ ಸರದಿ ಬಂದಾಗ ಮಧ್ಯಾಹ್ನ ಮೂರು ಮೀರಿತ್ತು. ಬೆಳಗಿನಿಂದ ನಿಂತೇ ಇದ್ದ ಹುಡುಗಿಯರು ಕಾಲು ಬದಲಿಸುತ್ತಿದ್ದರು. ತೀರ್ಪುಗಾರರು ಬಂದರು, ತಾಟುಗಳನ್ನು ಸರಿಯಾಗಿ ನೋಡಲಿಲ್ಲ, ನಕ್ಷೆಯನ್ನು ನೋಡಲಿಲ್ಲ, ನೇರವಾಗಿ ವಹಿಗೆ ಕೈಹಾಕಿದರು. ನನ್ನ ಮನಸ್ಸು ಉಬ್ಬಿತು, ಏಕೆಂದರೆ ಆ ಸಾಲಿನ ಮೇಜುಗಳಲ್ಲೆಲ್ಲ ಅಷ್ಟು ಅಂದವಾದ ವಹಿ ಮತ್ತೊಂದಿರಲಿಲ್ಲ. ಅವರು ನಾಲ್ಕು ಪುಟ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು, “ಹದಿನೇಳು ಇದ್ದದ್ದು ಮರುದಿನ ಹನ್ನೊಂದು. ಹುಟ್ಟಿದ ಮೊಳಕೆ ಮತ್ತೆ ಬೀಜದೊಳಗೆ ಹೋಯಿತೇನಮ್ಮಾ?” ಎಂದು ಕೇಳಿದರು.

ಅವಳು ಉತ್ತರಿಸಲಿಲ್ಲ. ಹಗ್ಗದಾಚೆ ಶಿಕ್ಷಕರ ಸಾಲಿನಲ್ಲಿ ನಿಂತಿದ್ದ ನನ್ನ ಮುಖವನ್ನು ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆನು. ಅವಳಿಗೆ ಉತ್ತರ ಗೊತ್ತಿತ್ತು. ಆದರೆ ಆ ಉತ್ತರವನ್ನು ಹೇಳಬಹುದೋ ಹೇಳಬಾರದೋ ಎಂಬುದನ್ನು ಅದನ್ನು ಅಳಿಸಿದ ನನ್ನಿಂದಲೇ ಅವಳು ತಿಳಿಯಬೇಕಾಗಿತ್ತು. ನಾನು ಕೈಯೆತ್ತಿ ಮಾತನಾಡಹೋದಾಗ, “ಮಾರ್ಗದರ್ಶಕರು ಸುಮ್ಮನಿರಬೇಕು” ಎಂಬ ಮಾತು ಬಂದಿತು. ಆಗ ಅವಳು ತಗ್ಗಿದ ದನಿಯಲ್ಲಿ, “ಕೋಳಿ ತಿಂತ್ರಿ ಸರ್” ಎಂದಳು.

ಸುತ್ತ ನಿಂತವರು ನಕ್ಕರು. ತೀರ್ಪುಗಾರರೂ ನಕ್ಕರು. “ಕೋಳಿ ತಿಂದದ್ದು ಇದರಲ್ಲಿ ಎಲ್ಲಿದೆ, ತೋರಿಸು” ಎಂದರು. ಅವಳು ಪುಟದ ಮೇಲೆ ಬೆರಳಾಡಿಸಿದಳು. ತೋರಿಸಲು ಅಲ್ಲಿ ಏನೂ ಇರಲಿಲ್ಲ. “ಒಂದೇ ಪೆನ್ನು, ಒಂದೇ ಕೈ, ಹನ್ನೆರಡು ದಿನ ಒಂದೂ ಕಾಟಿಲ್ಲ, ಮನೆಯಲ್ಲಿ ಕೂತು ಬರೆದ ಲೆಕ್ಕ ಇದು” ಎಂದು ವಹಿಯನ್ನು ಮುಚ್ಚಿ ಮುಂದಿನ ಮೇಜಿಗೆ ಹೊರಟುಹೋದರು. ಇಷ್ಟೂ ನಡೆದುದು ಮೂರು ನಿಮಿಷಗಳ ಒಳಗೆ.

ಆ ಮಹನೀಯರ ಅನುಮಾನ ತಪ್ಪೆಂದು ನಾನು ಹೇಳುವುದಿಲ್ಲ. ಅಷ್ಟು ನಿರ್ಮಲವಾದ ವಹಿಯನ್ನು ಕಂಡರೆ ನಾನೂ ಅನುಮಾನಿಸುತ್ತಿದ್ದೆನು. ಆದರೆ “ನೀನು ಮೊದಲು ಬರೆದ ವಹಿ ಎಲ್ಲಿದೆ?” ಎಂಬ ಒಂದೇ ಪ್ರಶ್ನೆಯನ್ನು ಕೇಳುವಷ್ಟು ತಾಳ್ಮೆ ಅವರಿಗೆ ಇರಬೇಕಾಗಿತ್ತು. ಸತ್ಯ ನುಡಿದ ಮಗುವಿನ ಮುಂದೆ ನಗಬಾರದಾಗಿತ್ತು. ಈ ಮಾತಿನಲ್ಲಿ ಅವರನ್ನು ಕ್ಷಮಿಸಲು ನನಗಿನ್ನೂ ಸಾಧ್ಯವಾಗಿಲ್ಲ. ಆದರೂ ಅವಳ ಬೆರಳಿನ ಕೆಳಗಿನ ಆ ಜಾಗವನ್ನು ಬರಿದು ಮಾಡಿದವನು ನಾನು.

ಬಸ್ಸು ಭೀಮಾ ಸೇತುವೆಯನ್ನು ದಾಟುವಾಗಲೂ, ಕತ್ತಲಾಗುತ್ತ ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಆಕೃತಿ ಕಾಣಿಸಿಕೊಂಡಾಗಲೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಹಳೆಯ ವಹಿಯನ್ನು ಕೇಳಿದೆನು. “ನೀವು ಬ್ಯಾಡ ಅಂದ್ರಿ ಅಂತ್ರಿ. ಬರದದ್ದು ಹ್ಯಾಂಗ ಒಗೀಲಿಕ್ಕೆ ಬರ್ತದ್ರಿ ಸರ್, ಮಾಡದಾಗ ಇಟ್ಟೀನಿ” ಎಂದು ಅವಳ ತಾಯಿ ಗೋಡೆಯ ಮಾಡದಿಂದ, ಪಂಚಾಂಗದ ಕೆಳಗಿನಿಂದ, ಅದನ್ನು ತೆಗೆದುಕೊಟ್ಟಳು. ಎಂಟನೆಯ ದಿನದ ಪುಟದಲ್ಲಿ ಹೀಗಿತ್ತು: “ಮುಂಜಾನಿ 7. ಕೋಳಿ ತಿಂತು. ಒಂದನೇ ತಾಟು 6 ಹೋದವು. ಅವ್ವ ಓಡಿಸಿದಳು. ಇನ್ನ ಮ್ಯಾಲೆ ಬುಟ್ಟಿ ಮುಚ್ಚಬೇಕು.” ಮುಂದಿನ ಪ್ರತಿಯೊಂದು ದಿನದ ಎದುರಿಗೂ “ಬುಟ್ಟಿ ಮುಚ್ಚಿದೆ” ಎಂದಿತ್ತು. ಏನು ನಡೆಯಿತು, ಎಷ್ಟು ನಷ್ಟವಾಯಿತು, ಅದು ಮರುಕಳಿಸದಂತೆ ಏನು ಮಾಡಿದೆ ಎಂಬ ಮೂರೂ ಅಂಶಗಳು ಅಲ್ಲಿದ್ದುವು. ವಿಜ್ಞಾನ ಇದ್ದುದು ಆ ಪುಟದಲ್ಲಿ. ನಾನು ಬರೆಯಿಸಿದ ವಹಿಯಲ್ಲಿ ಇದ್ದುದು ಅಕ್ಷರಗಳ ಅಂದ ಮಾತ್ರ.

ಇದನ್ನು ನಾನು ತಿಳಿಯದವನೇನೂ ಆಗಿರಲಿಲ್ಲ. ರಾಷ್ಟ್ರೀಯ ವಿಜ್ಞಾನ ದಿನದಂದು, 1928ರ ಫೆಬ್ರವರಿಯಲ್ಲಿ ಕಲಕತ್ತೆಯಲ್ಲಿ ರಾಮನ್ ಪರಿಣಾಮವು ಬೆಳಕಿಗೆ ಬಂದ ದಿನಗಳ ವೃತ್ತಾಂತವನ್ನು ನಾವು ಬಹುಮಟ್ಟಿಗೆ ಬಲ್ಲುದು ರಾಮನ್ನರ ಸಹೋದ್ಯೋಗಿ ಕೆ. ಎಸ್. ಕೃಷ್ಣನ್ ಅವರು ಬರೆದಿಟ್ಟ ದಿನಚರಿಯಿಂದಲೇ ಎಂದು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆನು. ಮೈಕೇಲ್ ಫ್ಯಾರಡೆ ತನ್ನ ಪ್ರಯೋಗಗಳ ದಿನಚರಿಯಲ್ಲಿ ಕಂಡಿಕೆಗಳಿಗೆ ಕ್ರಮಾಂಕ ಕೊಡುತ್ತ 16,000ವನ್ನು ದಾಟಿದುದನ್ನೂ, ಫಲಿಸದ ಪ್ರಯೋಗಗಳನ್ನೂ ಅದರಲ್ಲಿ ಉಳಿಸಿದುದನ್ನೂ ವರ್ಣಿಸುತ್ತಿದ್ದೆನು. ದೂರವೇಕೆ, ನಮ್ಮ ಸುರಪುರದಲ್ಲಿಯೇ ಆಡಳಿತ ನಡೆಸಿದ ಮೆಡೋಸ್ ಟೇಲರ್ ಈ ಸೀಮೆಯ ಪ್ರಾಚೀನ ಶಿಲಾಗೋರಿಗಳನ್ನು ಅಗೆಯಿಸಿದಾಗ, ಕಂಡುದನ್ನು ಬರೆದು ಚಿತ್ರಿಸಿಟ್ಟುದರಿಂದಲೇ ಆ ಕಾರ್ಯ ಇಂದಿಗೂ ವಿದ್ವಾಂಸರಿಗೆ ಉಪಯುಕ್ತವಾಗಿದೆ. 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿಯೂ ಮಕ್ಕಳು ವರದಿಯ ಜೊತೆಗೆ ಕಾರ್ಯದ ದಿನಚರಿಯನ್ನು ಇಡುವ ಪದ್ಧತಿಯಿದೆ. ಇಷ್ಟನ್ನು ಬಲ್ಲ ನಾನು, ನನ್ನ ಕೈಗೆ ನಿಜವಾದ ದಿನಚರಿಯೊಂದು ಬಂದಾಗ ಅದರ ಅರಿಸಿನದ ಕಲೆಯನ್ನಷ್ಟೇ ಕಂಡೆನು.

ಆದುದರಿಂದ ನನ್ನ ಸೂಚನೆಗಳು ಕೆಲವೇ. ಬಿಡಿ ಹಾಳೆಗಳಲ್ಲಿ ಬರೆಯಿಸಬೇಡಿ; ಹೊಲಿದ ವಹಿಯನ್ನು ಕೊಟ್ಟು, ಮೊದಲ ದಿನವೇ ಪುಟಗಳಿಗೆ ಸಂಖ್ಯೆ ಹಾಕಿಸಿ, ಯಾವ ಪುಟವನ್ನೂ ಹರಿಯಬಾರದೆಂದು ತಿಳಿಸಿ. ದಿನಾಂಕ, ವೇಳೆ, ಮೋಡವಿತ್ತೇ ಬಿಸಿಲಿತ್ತೇ, ನೀರು ಬೋರಿನದೇ ಕಾಲುವೆಯದೇ ಎಂಬುದನ್ನು ನೋಡಿದ ಕ್ಷಣದಲ್ಲಿಯೇ ಬರೆಯಲಿ. ರಾತ್ರಿ ನೆನಪಿನಿಂದ ಬರೆದುದು ದಾಖಲೆಯಾಗದು. ತಪ್ಪಿದ ಅಂಕಿಯನ್ನು ಕೆಳಗಿನದು ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ಕಾರಣವನ್ನು ಬರೆಯಲಿ. ಮಗು ತನ್ನ ಮನೆಯ ಮಾತಿನಲ್ಲಿಯೇ ಬರೆಯಲಿ. ಗ್ರಂಥಭಾಷೆ ವರದಿಗೆ ಸಾಕು. ಅಂದವಾದ ಪ್ರತಿ ಬೇಕೇ ಬೇಕೆಂದಾದರೆ ಮೂಲವನ್ನೂ ಮೇಜಿನ ಮೇಲಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಶಿಕ್ಷಕನ ಲೇಖನಿ ಆ ವಹಿಯನ್ನು ಮುಟ್ಟದಿರಲಿ.

ಇತರ ಮಕ್ಕಳಿಗೆ ಮಾದರಿಯಾಗಲೆಂದು ಆ ವಹಿಯನ್ನು ಶಾಲೆಯ ಕಪಾಟಿನಲ್ಲಿ ಇರಿಸಿಕೊಳ್ಳಲೇ ಎಂದು, ಅವರ ಮನೆಗೆ ಹೋದ ದಿನವೇ ಅವಳನ್ನು ಕೇಳಿದೆನು. ಅವಳು ಅದನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, “ಇಲ್ರಿ ಸರ್, ಇನ್ನೂ ಹಾಳಿ ಅದಾವ್ರಿ. ಮತ್ತ ಇಪ್ಪತ್ತು ಬೀಜ ಹಾಕೀನ್ರಿ” ಎಂದಳು. ಪಡಸಾಲೆಯ ಮೂಲೆಯಲ್ಲಿ ಒಂದನೆಯ ತಾಟು ಇತ್ತು. ಅದರ ಮೇಲೆ ಬುಟ್ಟಿ ಮುಚ್ಚಿತ್ತು.