ಐದು ಯೂನಿಟ್ಟೋ, ಇಪ್ಪತ್ತೈದು ಯೂನಿಟ್ಟೋ: ದ್ರಾವಣದ ಸಾರತೆಯ ಪಾಠಕ್ಕೊಂದು ಉದಾಹರಣೆ

ಅಭ್ಯಾಸ ಬೋಧನೆಯಲ್ಲಿ 9ನೇ ತರಗತಿಗೆ ದ್ರಾವಣದ ಸಾರತೆಯ ಪಾಠ ನನ್ನ ಪಾಲಿಗೆ ಬಂದಿತ್ತು. ಈ ಘಟಕದಲ್ಲಿ ಮಕ್ಕಳು ಸೂತ್ರವನ್ನು ಬೇಗ ಹಿಡಿಯುತ್ತಾರೆ. 320 ಗ್ರಾಂ ನೀರಿನಲ್ಲಿ 40 ಗ್ರಾಂ ಉಪ್ಪು ಎಂದರೆ ಶೇ. 11.1 ಎಂಬ ಉತ್ತರ ಥಟ್ಟನೆ ಬರುತ್ತದೆ. ‘ಹಾಗಾದರೆ ಇದರ ಒಂದು ಚಮಚದಲ್ಲಿ ಉಪ್ಪೆಷ್ಟು?’ ಎಂದರೆ ತರಗತಿ ಸುಮ್ಮನಾಗುತ್ತದೆ. ದ್ರಾವಣ ಎಷ್ಟು ಎಂಬುದೂ ಅದರೊಳಗಿನ ದ್ರಾವ್ಯ ಎಷ್ಟು ಎಂಬುದೂ ಅವರ ಮನಸ್ಸಿನಲ್ಲಿ ಒಂದೇ ಆಗಿರುತ್ತವೆ. ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಂ ಎಂದು ಕೆಳಗಿನ ತರಗತಿಗಳಲ್ಲಿ ನಾವೇ ಕಲಿಸಿರುವುದೂ ಇದಕ್ಕೊಂದು ಕಾರಣವಿರಬೇಕು.

ಈ ಗೊಂದಲದಿಂದ ನಿಜಕ್ಕೂ ಏನಾಗಬಹುದು ಎಂದು ತೋರಿಸಲು ಅಮೆರಿಕದಲ್ಲಿ ನಡೆದ ಒಂದು ಪ್ರಕರಣವನ್ನು ಆರಿಸಿಕೊಂಡೆ. ಅದು ತೂಕ ಇಳಿಸುವ ಔಷಧಕ್ಕೆ ಸಂಬಂಧಿಸಿದ್ದು. ಪಾಠ ಯೋಜನೆ ನೋಡಿದ ಮಾರ್ಗದರ್ಶಕರು, ‘ಹದಿನಾಲ್ಕರ ಮಕ್ಕಳ ಮುಂದೆ ತೂಕದ ಮಾತು ಬೇಕೇನಮ್ಮ?’ ಎಂದು ಕೇಳಿದರು. ಅವರ ಆತಂಕ ಸರಿಯೇ. ದಪ್ಪಗಿರುವ ಮಗುವಿಗೆ ತರಗತಿಯಲ್ಲಿ ಅಡ್ಡಹೆಸರು ಬೀಳಲು ಒಂದು ಮಾತು ಸಾಕು. ಆದ್ದರಿಂದ ಪಾಠದಲ್ಲಿ ಯಾರ ಮೈತೂಕದ ಪ್ರಸ್ತಾಪವೂ ಬರದಂತೆ ನೋಡಿಕೊಂಡು, ‘ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಒಂದು ಔಷಧ’ ಎಂದಷ್ಟೇ ಪರಿಚಯಿಸಿದೆ. ಮಕ್ಕಳಿಗೆ ಹೇಳದ ಹಿನ್ನೆಲೆ ಓದುಗರಿಗೆ ಬೇಕು.

ಸೆಮಾಗ್ಲುಟೈಡ್ ಎಂಬ ಔಷಧವನ್ನು ತೂಕ ಇಳಿಸಲು ವೆಗೋವಿ ಎಂಬ ಹೆಸರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಅನುಮೋದಿಸಿತು. ಆರಂಭದ ಪ್ರಮಾಣ ವಾರಕ್ಕೆ 0.25 ಮಿಲಿಗ್ರಾಂ, ತಿಂಗಳಿಗೊಮ್ಮೆ ಏರಿಸುತ್ತ 2.4 ಮಿಲಿಗ್ರಾಂವರೆಗೆ ಹೋಗುತ್ತಾರೆ. ಅಳೆದು ತುಂಬಿದ ಪೆನ್ನಿನಲ್ಲಿ ಬರುವುದರಿಂದ ರೋಗಿ ಲೆಕ್ಕ ಹಾಕಬೇಕಿಲ್ಲ. 2022ರಲ್ಲಿ ಔಷಧದ ಕೊರತೆಯಾದಾಗ, ವೈದ್ಯರ ಚೀಟಿ ನೋಡಿ ಬೆರೆಸಿಕೊಡುವ ಕಾಂಪೌಂಡಿಂಗ್ ಔಷಧಾಲಯಗಳು ಅದನ್ನು ಸೀಸೆಗಳಲ್ಲಿ ಕೊಡತೊಡಗಿದವು. (ನಮ್ಮ ಹಿರಿಯರು ಕಂಡ ‘ಕಾಂಪೌಂಡರ್’ ಎಂಬ ಹೆಸರಿನ ಮೂಲವೂ ಇದೇ. ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆ ಒಂದು ಗುರುತಿನಷ್ಟು ಕುಡಿಯಲು ಹೇಳುತ್ತಿದ್ದ ಕಾಲ ಅದು.) ಒಂದೇ ಸೀಸೆಯಲ್ಲಿ ಹಲವು ಬಾರಿಯ ಔಷಧ, ಸಾರತೆ ಒಂದೊಂದು ಕಡೆ ಒಂದೊಂದು, ಸಿರಿಂಜಿಗೆ ಎಳೆದುಕೊಳ್ಳುವವನು ರೋಗಿಯೇ.

2024ರ ಜುಲೈನಲ್ಲಿ ಅದೇ ಆಡಳಿತ ಎಚ್ಚರಿಕೆ ಹೊರಡಿಸಿತು. ಕೆಲವರು ಬೇಕಾದುದಕ್ಕಿಂತ 5ರಿಂದ 20 ಪಟ್ಟು ಔಷಧ ತೆಗೆದುಕೊಂಡಿದ್ದರು. ವಾಂತಿಯಿಂದ ಬಳಲಿ ಆಸ್ಪತ್ರೆ ಸೇರಿದವರೂ ಇದ್ದರು. ತಪ್ಪಿದವರು ರೋಗಿಗಳು ಮಾತ್ರವಲ್ಲ. 5 ಯೂನಿಟ್ ಬರೆಯಬೇಕಾದ ಕಡೆ ವೈದ್ಯಕೀಯ ಸಿಬ್ಬಂದಿಯೇ 25 ಎಂದು ಬರೆದ ಪ್ರಕರಣವೂ ಅದರಲ್ಲಿದೆ. ಈ ಔಷಧ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೆಚ್ಚಾದದ್ದು ಬೇಗ ಇಳಿಯುವುದಿಲ್ಲ.

ಕಪ್ಪುಹಲಗೆಯ ಮೇಲೆ ಬರೆದದ್ದು ಇಷ್ಟೇ: ಸೀಸೆಯಲ್ಲಿ 1 ಮಿ.ಲೀ.ಗೆ 5 ಮಿ.ಗ್ರಾಂ ಔಷಧ ಇದೆ, ಬೇಕಾದದ್ದು 0.25 ಮಿ.ಗ್ರಾಂ, ಸಿರಿಂಜಿನ 100 ಯೂನಿಟ್ ಎಂದರೆ 1 ಮಿ.ಲೀ. ಎಷ್ಟು ಯೂನಿಟ್ ಎಳೆಯಬೇಕು? ಸೂಜಿಯಿರುವ ಸಿರಿಂಜನ್ನು ತರಗತಿಗೆ ಒಯ್ಯದೆ ಚಾರ್ಟಿನಲ್ಲಿ ದೊಡ್ಡದಾಗಿ ಬರೆದಿದ್ದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು 25 ಎಂದರು. 0.25 ಮಿ.ಗ್ರಾಂ ಅನ್ನು 0.25 ಮಿ.ಲೀ. ಎಂದು ಓದಿದರೆ ಬರುವ ಉತ್ತರವೇ ಅದು. ನಾನು ‘ತಪ್ಪು’ ಎನ್ನದೆ, 25 ಯೂನಿಟ್ಟಿನಲ್ಲಿ ಔಷಧ ಎಷ್ಟಿದೆ ಎಂದು ಹಿಂದಿನಿಂದ ಲೆಕ್ಕ ಮಾಡಿಸಿದೆ. 0.25 ಮಿ.ಲೀ. × 5 = 1.25 ಮಿ.ಗ್ರಾಂ, ಐದು ಪಟ್ಟು. 0.05 ಮಿ.ಲೀ., ಅಂದರೆ 5 ಯೂನಿಟ್ ಎಂಬುದನ್ನು ಅವರೇ ಕಂಡುಕೊಂಡರು. ಸೀಸೆಯನ್ನು 2.5 ಮಿ.ಗ್ರಾಂನದಕ್ಕೆ ಬದಲಿಸಿದಾಗ 10 ಯೂನಿಟ್ ಎಂದು ಹಿಂದಿನ ಬೆಂಚಿನಿಂದಲೂ ಉತ್ತರ ಬಂತು.

ಯೋಜನೆಯಲ್ಲಿ ಇಲ್ಲದ್ದು ಆಮೇಲೆ ನಡೆಯಿತು. ‘ನಮ್ಮಜ್ಜಿ ಸಿರಿಂಜಿನಲ್ಲಿ 40ರವರೆಗೆ ಮಾತ್ರ ಇದೆ ಮಿಸ್’ ಎಂದಳು ಒಬ್ಬ ಹುಡುಗಿ. ಅವಳ ಮಾತು ನಿಜ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100ರದಕ್ಕೆ ಕಿತ್ತಳೆ ಮುಚ್ಚಳ. ಅಜ್ಜಿಯ ಸಿರಿಂಜಿನಲ್ಲಿ 5 ಯೂನಿಟ್ ಎಂದರೆ 0.125 ಮಿ.ಲೀ. ಮೇಲಿನ ಮೊದಲ ಸೀಸೆಯಿಂದ ಅಷ್ಟು ಎಳೆದರೆ ಎರಡೂವರೆ ಪಟ್ಟು ಔಷಧ. ಈ ಲೆಕ್ಕಕ್ಕೆ ಮಕ್ಕಳು ತೋರಿದ ಉತ್ಸಾಹ ಉಪ್ಪುನೀರಿನ ಲೆಕ್ಕಕ್ಕೆ ಇರಲಿಲ್ಲ. ಮುಂದಿನ ಬಾರಿ ಪಾಠವನ್ನು ಅಜ್ಜಿಯ ಸಿರಿಂಜಿನಿಂದಲೇ ಆರಂಭಿಸುವವಳಿದ್ದೇನೆ.

ಕೆಲವು ಸೀಸೆಗಳಲ್ಲಿ ಬಿ12 ಜೀವಸತ್ವವನ್ನೂ ಬೆರೆಸುತ್ತಾರೆ ಎಂದಾಗ, ‘ವಿಟಮಿನ್ ಇದ್ದರೆ ಒಳ್ಳೆಯದೇ ಅಲ್ವಾ?’ ಎಂಬ ಪ್ರಶ್ನೆ ಬಂತು. ದ್ರಾವಣದಲ್ಲಿ ಒಂದರ ಜೊತೆ ಇನ್ನೊಂದು ದ್ರಾವ್ಯ ಇರಬಹುದು, ಎರಡಕ್ಕೂ ಬೇರೆ ಬೇರೆ ಸಾರತೆ ಇರುತ್ತದೆ ಎಂದು ವಿವರಿಸಿದೆ. ಬಿ12 ಕೊರತೆ ಇದ್ದವರಿಗೆ ಅದು ಬೇಕು. ಆದರೆ ಅದು ತೂಕ ಇಳಿಸುವ ಔಷಧವಲ್ಲ. 2025ರ ಫೆಬ್ರುವರಿಯಲ್ಲಿ ಸೆಮಾಗ್ಲುಟೈಡ್ ಕೊರತೆ ನೀಗಿದೆಯೆಂದು ಅಮೆರಿಕ ಘೋಷಿಸಿದ ಮೇಲೆ ಮೂಲ ಔಷಧದ ನಕಲು ಬೆರೆಸಿಕೊಡಲು ಅವಕಾಶ ಕುಗ್ಗಿತು. ಬದಲಾವಣೆಯಿಂದ ಆ ನಿರ್ದಿಷ್ಟ ರೋಗಿಗೆ ಗಣನೀಯ ವ್ಯತ್ಯಾಸವಾಗುತ್ತದೆ ಎಂದು ವೈದ್ಯರು ನಿರ್ಧರಿಸಿರಬೇಕು. ಇಂಥ ಬೆರೆಸಿದ ಔಷಧಗಳ ಸುರಕ್ಷತೆ, ಪರಿಣಾಮ, ಗುಣಮಟ್ಟವನ್ನು ಮಾರಾಟಕ್ಕೆ ಮುನ್ನ ಆ ಆಡಳಿತ ಪರಿಶೀಲಿಸುವುದಿಲ್ಲ. ‘ನಿಮಗಾಗಿಯೇ ತಯಾರಿಸಿದ್ದು’ ಎಂಬ ಜಾಹೀರಾತನ್ನು ಓದುವಾಗ ಇವೆರಡೂ ನೆನಪಿರಬೇಕು. ಇದನ್ನು 9ನೇ ತರಗತಿಗೆ ಹೇಳಲಿಲ್ಲ, ಪಿಯುಸಿಯಲ್ಲಾದರೆ ಹೇಳಬಹುದು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ ಮನೆಯ ಸಿರಪ್ ಬಾಟಲಿಯದು: 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಔಷಧವಿದ್ದರೆ, 100 ಮಿ.ಗ್ರಾಂಗೆ ಎಷ್ಟು ಮಿ.ಲೀ.? ಹೆಚ್ಚಿನವರು 4 ಎಂದು ಬರೆದರು. ಬಾಟಲಿಯ ಚೀಟಿ ನೋಡಿ ಬರೆದು ತನ್ನಿ ಎಂದದ್ದಕ್ಕೆ ಮರುದಿನ ಎಂಟು ಬಗೆಯ ಸಾರತೆಗಳು ಬಂದವು. ಒಂದೇ ಹೆಸರಿನ ಸಿರಪ್ಪು ಎರಡು ಮನೆಗಳಲ್ಲಿ ಎರಡು ಸಾರತೆಯದಾಗಿತ್ತು.